ಹಳೆಯ ಕಾರಿನ ಇಂಧನ ಪಂಪು: ಎಷ್ಟು ಹರಿವು, ಎಷ್ಟು ಒತ್ತಡ?



ಕಾರುಗಳಲ್ಲಿ ಆಸಕ್ತಿಯುಳ್ಳ ಕಾಲೇಜು ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯನ್ನು ಇಂದಿನ ಮಾತಿಗೆ ವಿಷಯವಾಗಿ ಆರಿಸಿಕೊಂಡಿದ್ದೇನೆ. "ಮನೆಯಲ್ಲಿ ಹಳೆಯ ಎಸ್ಟೀಮ್ ಕಾರು ಇದೆ. ಅದರ ಇಂಧನ ಪಂಪು ತೆಗೆದು ದೊಡ್ಡದೊಂದನ್ನು ಹಾಕಿಸಿದರೆ ಪಿಕಪ್ ಹೆಚ್ಚುತ್ತದಂತೆ, ನಿಜವೇ?" ಎಂಬುದು ಆ ಪ್ರಶ್ನೆ.

ಒಂದೇ ಮಾತಿನ ಉತ್ತರ ಬೇಕಾದರೆ, ನಿಜವಲ್ಲ. ಪಂಪು ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಎಂಜಿನ್ನಿಗೆ ಬೇಕಾದಷ್ಟು ಇಂಧನವನ್ನು ಬೇಕಾದ ಒತ್ತಡದಲ್ಲಿ ಒದಗಿಸುವುದು ಮಾತ್ರ ಅದರ ಕೆಲಸ. ಆದರೆ ಆ ಕೆಲಸದಲ್ಲಿ ಅದು ಹಿಂದೆ ಬಿದ್ದರೆ ಎಂಜಿನ್ನೇ ಹಾಳಾಗಬಹುದು. ತಿಳಿಯದೆ ಬದಲಾಯಿಸಿದರೆ ಕಾರಿಗೆ ಬೆಂಕಿಯೂ ಹತ್ತಬಹುದು. ಆದ್ದರಿಂದ ಪಂಪನ್ನು ಬದಲಾಯಿಸುವ ಮೊದಲು ಅದನ್ನು ಅರ್ಥ ಮಾಡಿಕೊಳ್ಳುವುದು ಅಗತ್ಯ. ಇದಕ್ಕೆ ದೊಡ್ಡ ಎಂಜಿನಿಯರಿಂಗ್ ಪುಸ್ತಕವೇನೂ ಬೇಕಿಲ್ಲ. ಹೈಸ್ಕೂಲಿನ ಭೌತವಿಜ್ಞಾನ ಮತ್ತು ನಮ್ಮ ಹಳ್ಳಿಯ ತೋಟಗಳ ಅನುಭವ, ಇವೆರಡಿದ್ದರೆ ಸಾಕು.

ಮತ್ತೋಡಿನ ತೋಟದ ಪಾಠ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಮತ್ತೋಡು ಎಂಬ ಊರಿದೆ. ಹಿಂದೆ ಗಾಜಿನ ಬಳೆಗಳ ತಯಾರಿಕೆಗೆ ಹೆಸರಾಗಿದ್ದ ಊರು ಅದು. ಇಂದು ಆ ಭಾಗದಲ್ಲೆಲ್ಲ ತೆಂಗಿನ ತೋಟಗಳು, ಅವಕ್ಕೆ ನೀರುಣಿಸುವ ಕೊಳವೆಬಾವಿಗಳು. ಅಲ್ಲಿನ ರೈತರೊಬ್ಬರು ಪಂಪು ಕೊಳ್ಳಲು ಅಂಗಡಿಗೆ ಹೋದರೆ "ದೊಡ್ಡ ಪಂಪು ಕೊಡಿ" ಎಂದು ಕೇಳುವುದಿಲ್ಲ. "ಆರುನೂರು ಅಡಿ ಬೋರು, ಎರಡಿಂಚು ನೀರು ಇದೆ, ಇದಕ್ಕೆ ಯಾವ ಪಂಪು ಸರಿ?" ಎಂದು ಕೇಳುತ್ತಾರೆ. ಅಂದರೆ ಅವರು ಎರಡು ವಿಷಯಗಳನ್ನು ಒಟ್ಟಿಗೆ ಹೇಳುತ್ತಾರೆ: ನೀರನ್ನು ಎಷ್ಟು ಎತ್ತರಕ್ಕೆ ತಳ್ಳಬೇಕು, ಎಷ್ಟು ನೀರನ್ನು ತಳ್ಳಬೇಕು.

ಮೊದಲನೆಯದು ಒತ್ತಡ, ಎರಡನೆಯದು ಹರಿವು. ಹತ್ತು ಮೀಟರ್ ಎತ್ತರದ ನೀರಿನ ಕಂಬ ತನ್ನ ತಳದಲ್ಲಿ ಉಂಟುಮಾಡುವ ಒತ್ತಡ ಸುಮಾರು 1 ಬಾರ್. ಈ ಲೆಕ್ಕದಲ್ಲಿ ಆರುನೂರು ಅಡಿ, ಅಂದರೆ ಸುಮಾರು 183 ಮೀಟರ್ ಆಳದಿಂದ ನೀರೆತ್ತುವ ಪಂಪು 18 ಬಾರ್ ಒತ್ತಡವನ್ನು ಗೆಲ್ಲಬೇಕು. ಪೈಪಿನೊಳಗಿನ ಘರ್ಷಣೆ ಇದಕ್ಕೆ ಹೊರತು. ಯಾವುದೇ ಪಂಪಿನಲ್ಲಿ ಒತ್ತಡ ಹೆಚ್ಚಾದಂತೆ ಹರಿವು ಕಡಿಮೆಯಾಗುತ್ತದೆ. ನೆಲದ ಮಟ್ಟದಲ್ಲಿ ಧಾರಾಳವಾಗಿ ನೀರು ಸುರಿಯುವ ಪಂಪು ಆಳದ ಬಾವಿಗಿಳಿದಾಗ ಸಣ್ಣ ಧಾರೆ ಮಾತ್ರ ಕೊಡಬಹುದು. ಆದ್ದರಿಂದ "ಗಂಟೆಗೆ ಇಷ್ಟು ಲೀಟರ್" ಎಂಬ ಮಾತಿಗೆ "ಇಷ್ಟು ಒತ್ತಡದಲ್ಲಿ" ಎಂಬ ಮಾತು ಸೇರದೆ ಅರ್ಥ ಬರುವುದಿಲ್ಲ. ಕಾರಿನ ಪಂಪಿಗೂ ಇದೇ ನಿಯಮ.

ತೋಟದ ಬಾವಿ ಕಲಿಸುವ ಇನ್ನೊಂದು ಪಾಠವಿದೆ. ತೆರೆದ ಬಾವಿಗಳ ಕಾಲದಲ್ಲಿ ನೀರು ಕೆಳಗಿಳಿದಂತೆ ರೈತರು ಮೋಟಾರನ್ನೂ ಬಾವಿಯೊಳಗೆ ಇಳಿಸುತ್ತಿದ್ದರು. ಮೇಲಿನಿಂದ ಹೀರುವ ಪಂಪು ಎಷ್ಟೇ ಬಲಶಾಲಿಯಾಗಿದ್ದರೂ ಸುಮಾರು ಹತ್ತು ಮೀಟರಿಗಿಂತ ಆಳದ ನೀರನ್ನು ಹೀರಲಾರದು. ವ್ಯವಹಾರದಲ್ಲಿ ಏಳು ಮೀಟರ್ ದಾಟುವುದೂ ಕಷ್ಟ. ಕಾರಣ ಸರಳ. ಪಂಪು ನೀರನ್ನು ಎಳೆಯುವುದಿಲ್ಲ. ಅದು ಕೊಳವೆಯಲ್ಲಿ ಒತ್ತಡವನ್ನು ಕಡಿಮೆ ಮಾಡುತ್ತದೆ; ಹೊರಗಿನ ವಾಯುಮಂಡಲದ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆ ಒತ್ತಡವೇ ಸುಮಾರು 1 ಬಾರ್. ಅದಕ್ಕಿಂತ ಹೆಚ್ಚು ಎಲ್ಲಿಂದ ತರುವುದು? ಆದ್ದರಿಂದಲೇ ಆಳದ ಬಾವಿಯಲ್ಲಿ ಪಂಪನ್ನು ನೀರಿನೊಳಗೇ ಮುಳುಗಿಸುತ್ತಾರೆ. ಅಲ್ಲಿ ಅದು ಹೀರಬೇಕಿಲ್ಲ, ತಳ್ಳಿದರಾಯಿತು. ಸುತ್ತಲಿನ ನೀರೇ ಮೋಟಾರನ್ನು ತಂಪಾಗಿಡುತ್ತದೆ. ನೀರು ಬತ್ತಿದರೂ ಪಂಪು ಓಡುತ್ತಲೇ ಇದ್ದರೆ ಮೋಟಾರ್ ಸುಟ್ಟುಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಕಾರಿನ ಟ್ಯಾಂಕಿನಲ್ಲಿ ಇದೇ ಕಥೆ ಮತ್ತೆ ಎದುರಾಗುತ್ತದೆ.

ಕಾರ್ಬೊರೇಟರಿನಿಂದ ಇಂಜೆಕ್ಟರಿಗೆ

ಈಗ ಕಾರಿನ ಕಡೆಗೆ ಬರೋಣ. ಎಸ್ಟೀಮ್ ನಮ್ಮ ಚರ್ಚೆಗೆ ಒಳ್ಳೆಯ ಉದಾಹರಣೆ. 1994ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರನ್ನು ಮಾರುತಿ ಕಂಪನಿ 2007ರವರೆಗೆ ತಯಾರಿಸಿತು. ಕರ್ನಾಟಕದ ರ್‍ಯಾಲಿಗಳಲ್ಲೂ ಮಣ್ಣಿನ ದಾರಿಯ ಸ್ಪರ್ಧೆಗಳಲ್ಲೂ ಅದು ಬಹಳ ಕಾಲ ಓಡಿತು. ಮೊದಲು ಬಂದ 1.3 ಲೀಟರ್ ಎಂಜಿನ್ನಿಗೆ ಕಾರ್ಬೊರೇಟರ್ ಇತ್ತು, ಶಕ್ತಿ ಸುಮಾರು 65 ಅಶ್ವಶಕ್ತಿ. 1999ರಲ್ಲಿ ಇಂಜೆಕ್ಟರ್ ವ್ಯವಸ್ಥೆ ಬಂದಾಗ ಅದು ಸುಮಾರು 85 ಅಶ್ವಶಕ್ತಿಗೆ ಏರಿತು. 2000ನೇ ಇಸವಿಯಲ್ಲಿ ದೇಶಾದ್ಯಂತ ಹೊಸ ಹೊಗೆ ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಕಾರುಗಳಿಂದ ಕಾರ್ಬೊರೇಟರ್ ಕಣ್ಮರೆಯಾಗುತ್ತ ಹೋಯಿತು. ಹೀಗೆ ಒಂದೇ ಹೆಸರಿನ ಕಾರು ಎರಡು ಬಗೆಯ ಇಂಧನ ವ್ಯವಸ್ಥೆಗಳನ್ನು ಕಂಡಿತು.

ಕಾರ್ಬೊರೇಟರ್ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಯಾಂತ್ರಿಕ ಪಂಪು. ಕಾರ್ಯಕ್ರಮದಲ್ಲಿ ಬಿಚ್ಚಿ ತೋರಿಸಿದ ಪಂಪನ್ನು ನೆನಪಿಸಿಕೊಳ್ಳಿ. ಎಂಜಿನ್ನಿನ ಕ್ಯಾಮ್‌ಶಾಫ್ಟ್ ತಿರುಗುವಾಗ ಒಂದು ಸನ್ನೆ ಮೇಲೆ ಕೆಳಗೆ ಆಡುತ್ತದೆ. ಆ ಸನ್ನೆ ರಬ್ಬರ್ ಬಟ್ಟೆಯ ಡಯಾಫ್ರಮ್ ಎಂಬ ಪೊರೆಯನ್ನು ಎಳೆಯುತ್ತದೆ. ಆಗ ಪೆಟ್ರೋಲ್ ಒಳಗೆ ಬರುತ್ತದೆ. ಕೆಳಗಿನ ಸ್ಪ್ರಿಂಗ್ ಪೊರೆಯನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಪೆಟ್ರೋಲ್ ಮುಂದಕ್ಕೆ ಹೋಗುತ್ತದೆ. ಎರಡು ಪುಟ್ಟ ಕವಾಟಗಳು ದಾರಿ ತಪ್ಪದಂತೆ ನೋಡಿಕೊಳ್ಳುತ್ತವೆ. ಪಂಪಿನ ಒತ್ತಡವನ್ನು ನಿರ್ಧರಿಸುವುದು ಆ ಸ್ಪ್ರಿಂಗ್. ಅದು ಕೊಡುವ ಒತ್ತಡ 0.2ರಿಂದ 0.3 ಬಾರ್ ಅಷ್ಟೇ. ಕಾರ್ಬೊರೇಟರಿಗೆ ಅಷ್ಟೇ ಸಾಕು. ಅದರ ತೇಲುಬುರುಡೆ ಮೇಲೇರಿ, ಸೂಜಿಯಂಥ ಕವಾಟವನ್ನು ಒತ್ತಿ, ಬರುವ ಪೆಟ್ರೋಲನ್ನು ನಿಲ್ಲಿಸುತ್ತದೆ. ಇಂಜೆಕ್ಟರ್ ಕಾರಿನ ಪಂಪನ್ನು ತಂದು ಇಲ್ಲಿ ಜೋಡಿಸಿದರೆ ಹತ್ತುಪಟ್ಟು ಒತ್ತಡವನ್ನು ಆ ಸೂಜಿ ತಡೆಯಲಾರದು. ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಹರಿಯುತ್ತದೆ. ಹಳೆಯ ಕಾರುಗಳಲ್ಲಿ ಮಾಡಬಾರದ ಕೆಲಸಗಳಲ್ಲಿ ಇದು ಮೊದಲನೆಯದು.

ಇಂಜೆಕ್ಟರ್ ಬಂದ ಮೇಲೆ ಪಂಪು ವಿದ್ಯುತ್ತಿನದಾಯಿತು ಮತ್ತು ಟ್ಯಾಂಕಿನೊಳಗೆ ಇಳಿಯಿತು. ನಮ್ಮ ಕೊಳವೆಬಾವಿಯ ಪಂಪಿನಂತೆಯೇ ಅದು ಮುಳುಗಿ ಕೆಲಸ ಮಾಡುತ್ತದೆ. ಇಲ್ಲಿ ಮುಳುಗಿಸಲು ಇನ್ನೂ ಬಲವಾದ ಕಾರಣವಿದೆ. ಪೆಟ್ರೋಲ್ ನೀರಿಗಿಂತ ಬೇಗ ಆವಿಯಾಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಕೊಳವೆಯಲ್ಲಿನ ಒತ್ತಡ ಸ್ವಲ್ಪ ತಗ್ಗಿದರೂ ಅದು ಅಲ್ಲೇ ಕುದಿದು ಗುಳ್ಳೆಯಾಗುತ್ತದೆ. ಪಂಪು ದ್ರವವನ್ನು ತಳ್ಳಬಲ್ಲದು, ಗುಳ್ಳೆಯನ್ನು ತಳ್ಳಲಾರದು. ಹಿಂದೆ ಬೇಸಿಗೆಯಲ್ಲಿ ಕಾರುಗಳು ದಾರಿಯಲ್ಲಿ ನಿಂತಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದನ್ನು ಹಿರಿಯರಿಂದ ಕೇಳಿರಬಹುದು. ಆ ಗುಳ್ಳೆಯನ್ನು ಕರಗಿಸುವ ಉಪಾಯ ಅದು.

ಪೆಟ್ರೋಲ್ ಟ್ಯಾಂಕಿನಿಂದ ಹೊರಟು, ಫಿಲ್ಟರ್ ದಾಟಿ, ಇಂಜೆಕ್ಟರುಗಳ ಸಾಲನ್ನು ತಲಪುತ್ತದೆ. ಅಲ್ಲಿ ರೆಗ್ಯುಲೇಟರ್ ಎಂಬ ಒತ್ತಡ ನಿಯಂತ್ರಕ ಕುಳಿತಿರುತ್ತದೆ. ಅದು ಇಂಜೆಕ್ಟರಿನ ಎರಡೂ ಬದಿಗಳ ನಡುವಿನ ಒತ್ತಡದ ವ್ಯತ್ಯಾಸವನ್ನು ಸುಮಾರು 3 ಬಾರ್‌ನಲ್ಲಿ ಕಾಯ್ದುಕೊಂಡು, ಹೆಚ್ಚಾದ ಪೆಟ್ರೋಲನ್ನು ಇನ್ನೊಂದು ಕೊಳವೆಯ ಮೂಲಕ ಟ್ಯಾಂಕಿಗೆ ವಾಪಸು ಕಳಿಸುತ್ತದೆ. ಎಂಜಿನ್ನಿನ ಕಂಪ್ಯೂಟರ್ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂದು ಮಾತ್ರ ಹೇಳುತ್ತದೆ. ಆ ಹೊತ್ತಿನಲ್ಲಿ ಎಷ್ಟು ಪೆಟ್ರೋಲ್ ಬೀಳುತ್ತದೆ ಎನ್ನುವುದು ಒತ್ತಡಕ್ಕೆ ಸೇರಿದ ವಿಷಯ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. 3 ಬಾರ್ ಇರಬೇಕಾದ ಕಡೆ 2 ಬಾರ್ ಇದ್ದರೆ ಇಂಧನ ನೂರಕ್ಕೆ ಹದಿನೆಂಟು ಭಾಗ ಕಡಿಮೆಯಾಗುತ್ತದೆ. ಕ್ಯಾಲ್ಕ್ಯುಲೇಟರಿನಲ್ಲಿ ನೀವೇ ಮಾಡಿ ನೋಡಿ.

ಪಂಪು ಎಂದೊಡನೆ ನಮ್ಮ ರಾಜ್ಯದವರಿಗೆ ಮೈಕೋ ನೆನಪಾಗುವುದು ಸಹಜ. 1951ರಲ್ಲಿ ಆರಂಭವಾಗಿ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ದೇಶಕ್ಕೆಲ್ಲ ಪರಿಚಿತವಾದ ಈ ಸಂಸ್ಥೆಗೆ 2008ರಿಂದ ಬಾಷ್ ಲಿಮಿಟೆಡ್ ಎಂಬ ಹೆಸರು. ಲಾರಿ, ಟ್ರ್ಯಾಕ್ಟರುಗಳಲ್ಲಿ ಅದರ ಡೀಸೆಲ್ ಪಂಪುಗಳನ್ನು ನೋಡಿರುತ್ತೀರಿ. ಆದರೆ ಅವು ಬೇರೆ ಜಾತಿಯವು. ಡೀಸೆಲ್ ಪಂಪು ನೂರಾರು ಬಾರ್ ಒತ್ತಡದಲ್ಲಿ, ಅಳತೆ ಮಾಡಿದ ಹನಿಯನ್ನು, ಸರಿಯಾದ ಕ್ಷಣದಲ್ಲಿ ಕೊಡಬೇಕು. ನಾವು ಮಾತಾಡುತ್ತಿರುವ ಪೆಟ್ರೋಲ್ ಪಂಪಿಗೆ ಅಳತೆಯ ಹೊಣೆ ಇಲ್ಲ, ಒದಗಿಸುವ ಹೊಣೆ ಮಾತ್ರ ಇದೆ.

ಎಂಜಿನ್ನಿಗೆ ಬೇಕಾದುದೆಷ್ಟು?

ಇನ್ನು ಲೆಕ್ಕಕ್ಕೆ ಇಳಿಯೋಣ. ಪೂರ್ಣ ಶಕ್ತಿಯಲ್ಲಿ ಓಡುವ ಸಾಮಾನ್ಯ ಪೆಟ್ರೋಲ್ ಎಂಜಿನ್ ಒಂದು ಕಿಲೋವ್ಯಾಟ್ ಶಕ್ತಿಯನ್ನು ಒಂದು ಗಂಟೆ ಕೊಡಲು ಸುಮಾರು 300 ಗ್ರಾಂ ಪೆಟ್ರೋಲ್ ಉರಿಸುತ್ತದೆ. 85 ಅಶ್ವಶಕ್ತಿ ಎಂದರೆ ಸುಮಾರು 63 ಕಿಲೋವ್ಯಾಟ್. 63ನ್ನು 0.3ರಿಂದ ಗುಣಿಸಿದರೆ ಗಂಟೆಗೆ 19 ಕಿಲೋಗ್ರಾಂ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 0.74 ಕಿಲೋಗ್ರಾಂ. ಅಲ್ಲಿಗೆ ಗಂಟೆಗೆ 25 ಅಥವಾ 26 ಲೀಟರ್ ಆಯಿತು. ಇದು ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಎಂಜಿನ್ ತನ್ನ ಗರಿಷ್ಠ ಶಕ್ತಿ ಕೊಡುತ್ತಿರುವಾಗಿನ ಮಾತು. ನಿಂತಲ್ಲೇ ಗುರುಗುಟ್ಟುವಾಗ ಗಂಟೆಗೆ ಒಂದು ಲೀಟರಿನ ಆಸುಪಾಸು ಸಾಕು.

ಪಂಪಿಗೆ ವಯಸ್ಸಾಗುತ್ತದೆ, ಫಿಲ್ಟರ್ ಕಟ್ಟುತ್ತದೆ. ಆದ್ದರಿಂದ ಕಾಲುಭಾಗ ಹೆಚ್ಚು ಇಟ್ಟುಕೊಳ್ಳುವುದು ವಾಡಿಕೆ. ಆಗಲೂ 32 ಲೀಟರ್, ಹೆಚ್ಚೆಂದರೆ 35 ಲೀಟರ್. ಮೂಲ ಎಂಜಿನ್ ಇರುವ ಕಾರಿನಲ್ಲಿ ಕಂಪನಿಯೇ ಕೊಟ್ಟ ಪಂಪು ಆರೋಗ್ಯವಾಗಿದ್ದರೆ ಈ ಅಗತ್ಯವನ್ನು ಸುಲಭವಾಗಿ ಪೂರೈಸುತ್ತದೆ. ಏರ್ ಫಿಲ್ಟರ್, ಸೈಲೆನ್ಸರ್ ಬದಲಾಯಿಸಿ ಹತ್ತು ಅಶ್ವಶಕ್ತಿ ಹೆಚ್ಚಾದರೂ ಬೇಕಾಗುವುದು ಇನ್ನು ಮೂರು ನಾಲ್ಕು ಲೀಟರ್ ಅಷ್ಟೇ.

ಹಾಗಾದರೆ ದೊಡ್ಡ ಪಂಪು ಯಾವಾಗ ಬೇಕು? ಎಂಜಿನ್ನಿಗೆ ಟರ್ಬೊ ಜೋಡಿಸಿ 150 ಅಶ್ವಶಕ್ತಿಗೆ ಏರಿಸಿದರು ಎಂದುಕೊಳ್ಳಿ. ಅದು 112 ಕಿಲೋವ್ಯಾಟ್. ಇಂಥ ಎಂಜಿನ್ನಿಗೆ ಕಿಲೋವ್ಯಾಟಿಗೆ 350 ಗ್ರಾಂ ಹಿಡಿಯಬೇಕು, ಏಕೆಂದರೆ ಒಳಗಿನ ಬಿಸಿಯನ್ನು ತಗ್ಗಿಸಲು ಸ್ವಲ್ಪ ಹೆಚ್ಚು ಪೆಟ್ರೋಲ್ ಕೊಡುತ್ತಾರೆ. ಅಲ್ಲಿಗೆ ಗಂಟೆಗೆ 53 ಲೀಟರ್. ಕಾಲುಭಾಗ ಸೇರಿಸಿದರೆ 66. ಟರ್ಬೊ 0.6 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ, ಅದನ್ನು ಎದುರಿಸಲು ಪೆಟ್ರೋಲಿನ ಒತ್ತಡವೂ ಅಷ್ಟೇ ಏರಬೇಕು. ಆದ್ದರಿಂದ ಹುಡುಕಬೇಕಾದದ್ದು "3.6 ಬಾರ್ ಒತ್ತಡದಲ್ಲಿ ಗಂಟೆಗೆ ಕನಿಷ್ಠ 66 ಲೀಟರ್" ಕೊಡುವ ಪಂಪನ್ನು. ರೈತರು ಅಂಗಡಿಯಲ್ಲಿ ಹೇಳುವ ಮಾತಿಗೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ.

ಅತಿಯಾದರೆ ಏನಾಗುತ್ತದೆ?

ಕಾರು ಪ್ರಿಯರ ಮಾರುಕಟ್ಟೆಯಲ್ಲಿ ಗಂಟೆಗೆ 255 ಲೀಟರ್ ಕೊಡುವ ಪಂಪುಗಳು ಬಹಳ ಪ್ರಸಿದ್ಧ. ಅದನ್ನೇ ತಂದು ಮೂಲ ಎಸ್ಟೀಮ್ ಎಂಜಿನ್ನಿಗೆ ಹಾಕಿದರೆ? ಎಂಜಿನ್ 26 ಲೀಟರ್ ಕುಡಿಯುತ್ತದೆ. ಉಳಿದ 229 ಲೀಟರ್ ವಾಪಸು ಹೋಗಬೇಕು. ಆ ವಾಪಸಿನ ಕೊಳವೆಯನ್ನು ಅಷ್ಟು ಹರಿವಿಗೆ ಮಾಡಿರುವುದಿಲ್ಲ. ಸಣ್ಣ ತೂಬಿನಲ್ಲಿ ದೊಡ್ಡ ಕೆರೆಯ ನೀರು ಬಿಟ್ಟಂತೆ ಅದು ಕಟ್ಟಿಕೊಳ್ಳುತ್ತದೆ. ರೆಗ್ಯುಲೇಟರ್ ತನ್ನ ಬಾಗಿಲನ್ನು ಪೂರ್ತಿ ತೆರೆದರೂ ಒತ್ತಡ ಇಳಿಯುವುದಿಲ್ಲ. ಪರಿಣಾಮವಾಗಿ ಇಂಜೆಕ್ಟರ್ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಸುತ್ತದೆ. ಮೈಲೇಜ್ ಬೀಳುತ್ತದೆ, ಹೊಗೆ ಹೆಚ್ಚುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ. ಪಿಕಪ್ ಮಾತ್ರ ಹೆಚ್ಚುವುದಿಲ್ಲ.

ಇನ್ನೊಂದು ತೊಂದರೆ ಬಿಸಿಯದು. ಒತ್ತಡವನ್ನು ಹರಿವಿನಿಂದ ಗುಣಿಸಿದರೆ ಪಂಪು ಮಾಡುವ ಉಪಯುಕ್ತ ಕೆಲಸದ ದರ ಸಿಗುತ್ತದೆ. 3 ಬಾರ್, 255 ಲೀಟರಿಗೆ ಅದು ಸುಮಾರು 21 ವ್ಯಾಟ್. ಆದರೆ ಇಂಥ ಪಂಪು 8 ಆಂಪಿಯರ್ ಎಳೆದರೆ, 13 ವೋಲ್ಟಿನಲ್ಲಿ 100 ವ್ಯಾಟಿಗೂ ಹೆಚ್ಚು ವಿದ್ಯುತ್ ಖರ್ಚಾಗುತ್ತದೆ. ಮಿಕ್ಕದ್ದು ಎಲ್ಲಿ ಹೋಯಿತು? ಶಾಖವಾಗಿ ಪೆಟ್ರೋಲಿಗೇ ಸೇರಿತು. 40 ಲೀಟರ್ ಟ್ಯಾಂಕಿನ ಪೆಟ್ರೋಲೆಲ್ಲ ಹತ್ತು ನಿಮಿಷಕ್ಕೊಮ್ಮೆ ಎಂಜಿನ್ನಿನ ಬಳಿ ಹೋಗಿ ಕಾದು ಹಿಂದಿರುಗುತ್ತದೆ. ಟ್ಯಾಂಕಿನಲ್ಲಿ ಇಂಧನ ಕಡಿಮೆ ಇದ್ದಾಗ, ಮೇ ತಿಂಗಳ ಬಿಸಿಲಿನಲ್ಲಿ, ಇದು ಆವಿಯ ಗುಳ್ಳೆಗಳಿಗೆ ಆಹ್ವಾನ.

ಸಾಲದಿದ್ದರೆ ಏನಾಗುತ್ತದೆ?

ಹೆಚ್ಚಾದರೆ ನಷ್ಟ, ಕಡಿಮೆಯಾದರೆ ಅಪಾಯ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಪೂರ್ಣ ಶಕ್ತಿಯಲ್ಲಿ ಓಡುವಾಗ ಇದಕ್ಕಿಂತ ಸ್ವಲ್ಪ ಹೆಚ್ಚು ಪೆಟ್ರೋಲ್ ಇರುವಂತೆ ತಯಾರಕರು ವ್ಯವಸ್ಥೆ ಮಾಡಿರುತ್ತಾರೆ. ಸಿಲಿಂಡರಿನೊಳಗಿನ ಜ್ವಾಲೆಯ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಪಿಸ್ಟನ್ನಿನ ಅಲ್ಯುಮಿನಿಯಂ 660 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಆದರೂ ಅದು ಉಳಿಯುವುದು ಹೇಗೆ? ಲೋಹಕ್ಕೆ ಅಂಟಿದಂತಿರುವ ತೆಳುವಾದ ಅನಿಲದ ಪದರ, ಎಣ್ಣೆ ಮತ್ತು ತಂಪುನೀರು ಅದನ್ನು ಕಾಪಾಡುತ್ತವೆ. ಭಾರ ಹೊತ್ತ ಎಂಜಿನ್ನಿಗೆ ಇಂಧನ ಸಾಲದಾದಾಗ ಮಿಶ್ರಣ ತಾನಾಗಿ ಸಿಡಿಯತೊಡಗುತ್ತದೆ. ಕಟಕಟ ಎಂಬ ಬಡಿತ ಕೇಳಿಸುತ್ತದೆ. ಆ ಬಡಿತ ಕಾಪಾಡುವ ಪದರವನ್ನೇ ಅಳಿಸಿಹಾಕುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ನಿನ ಅಂಚು ಕರಗಬಹುದು, ತೂತೂ ಬೀಳಬಹುದು.

ದುರ್ಬಲ ಪಂಪಿನ ಮೋಸವೆಂದರೆ ಅದು ಊರೊಳಗೆ ಪತ್ತೆಯಾಗುವುದಿಲ್ಲ. ಬೆಳಗ್ಗೆ ಎಂಜಿನ್ ಸಲೀಸಾಗಿ ಹೊರಡುತ್ತದೆ, ಮತ್ತೋಡಿನಿಂದ ಹೊಸದುರ್ಗದವರೆಗೆ ಸುಮ್ಮನೆ ಹೋಗುತ್ತದೆ. ಹಿರಿಯೂರು, ಚಿತ್ರದುರ್ಗದ ನಡುವಿನ ಹೆದ್ದಾರಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು, ಏರಿನಲ್ಲಿ ಲಾರಿಯೊಂದನ್ನು ಹಿಂದೆ ಹಾಕಲು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಾರು ಮಿಸ್ಸಿಂಗ್ ಹೊಡೆಯುತ್ತದೆ. ಎದುರಿನಿಂದ ವಾಹನ ಬರುತ್ತಿರುವ ಹೊತ್ತಿನಲ್ಲಿ ಶಕ್ತಿ ಕೈಕೊಟ್ಟರೆ ಏನಾಗುತ್ತದೆ ಎಂದು ನಾನು ವಿವರಿಸಬೇಕಿಲ್ಲ. ಅಂಥ ಸೂಚನೆ ಕಂಡರೆ ಕಾಲನ್ನು ಸಡಿಲಿಸಿ, ಸುರಕ್ಷಿತವಾಗಿ ಬದಿಗೆ ಬನ್ನಿ. ಒತ್ತಿ ಹಿಡಿದು ಪರೀಕ್ಷೆ ಮಾಡಬೇಡಿ.

ಎಥನಾಲ್ ತಂದ ಹೊಸ ಪ್ರಶ್ನೆ

ಹಳೆಯ ಕಾರಿನವರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿ ಇದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾವೇಶದಲ್ಲಿ ಇ-20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಇದರಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಇರುತ್ತದೆ. 2025ರ ಹೊತ್ತಿಗೆ ಅದು ದೇಶದ ಬಂಕುಗಳಲ್ಲೆಲ್ಲ ಸಾಮಾನ್ಯವಾಯಿತು. ಎಥನಾಲ್ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಕಡಿಮೆ ಗಾಳಿ ಸಾಕು, ತೂಕದ ಒಂಬತ್ತು ಪಟ್ಟು ಮಾತ್ರ. ಎರಡನ್ನೂ ಬೆರೆಸಿ ಲೆಕ್ಕ ಹಾಕಿದರೆ ಇ-20ಕ್ಕೆ ಸುಮಾರು 13.5 ಪಟ್ಟು. ಅಂದರೆ ಅಷ್ಟೇ ಗಾಳಿಗೆ ನೂರಕ್ಕೆ ಏಳೆಂಟು ಭಾಗ ಹೆಚ್ಚು ಇಂಧನ ಬೇಕು. ಎಥನಾಲ್ ಬಡಿತವನ್ನು ತಡೆಯಬಲ್ಲದು ಎಂಬುದು ಅದರ ಒಳ್ಳೆಯ ಗುಣ. ಆದರೆ ಮೊದಲೇ ಸೊರಗಿರುವ ಪಂಪಿಗೆ ಈ ಏಳೆಂಟು ಭಾಗವೂ ಭಾರವೇ. ಮೇಲಿನ ಲೆಕ್ಕಗಳಲ್ಲಿ 26 ಲೀಟರ್ ಎಂದದ್ದನ್ನು 28 ಎಂದೂ, ಟರ್ಬೊ ಎಂಜಿನ್ನಿನ 66ನ್ನು 71 ಎಂದೂ ತಿದ್ದಿಕೊಳ್ಳಿ.

ಇದಕ್ಕಿಂತ ಮುಖ್ಯವಾದದ್ದು ರಬ್ಬರಿನ ವಿಷಯ. ಹಳೆಯ ಕಾಲದ ಹೋಸು, ವಾಷರು, ಡಯಾಫ್ರಮ್‌ಗಳನ್ನು ಇಷ್ಟು ಎಥನಾಲನ್ನು ಎದುರಿಸಲೆಂದು ಮಾಡಿರಲಿಲ್ಲ. ಅವು ಉಬ್ಬಬಹುದು, ಮೆತ್ತಗಾಗಬಹುದು, ಬಿರುಕು ಬಿಡಬಹುದು. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಟ್ಯಾಂಕಿನಲ್ಲಿ ಇದರಿಂದ ತುಕ್ಕು ಬರಬಹುದು. ಆ ತುಕ್ಕು ಪಂಪಿನ ಬಾಯಿಯ ಜಾಲರಿಗೆ ಬಂದು ಸೇರುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಬದಲಾವಣೆ

ಈಗ ಕ್ರಮವನ್ನು ನೋಡೋಣ. ಕಾರು ಸೊರಗಿದೆ ಎಂದೊಡನೆ ಪಂಪನ್ನೇ ದೂರಬಾರದು. ಮೊದಲು ಫಿಲ್ಟರ್ ಬದಲಾಯಿಸಿ. ಜಾಲರಿ ನೋಡಿಸಿ. ಹೋಸುಗಳು ಎಲ್ಲಾದರೂ ಮಡಿಸಿವೆಯೇ, ಜಿನುಗುತ್ತಿವೆಯೇ ಎಂದು ಪರಿಶೀಲಿಸಿ.

ಅನಂತರ ವಿದ್ಯುತ್ತು. ತೋಟದಲ್ಲಿ "ವೋಲ್ಟೇಜ್ ಇಲ್ಲ, ನೀರು ಮೇಲೆ ಬರ್ತಿಲ್ಲ" ಎನ್ನುವುದನ್ನು ಕೇಳಿದ್ದೀರಿ. ಕಾರಿನಲ್ಲೂ ಹಾಗೇ. ಇಪ್ಪತ್ತು ವರ್ಷದ ತಂತಿ, ಹಸಿರು ಹಿಡಿದ ಕನೆಕ್ಟರ್, ಸಡಿಲವಾದ ಅರ್ಥಿಂಗ್ ಎಲ್ಲ ಸೇರಿ ಕಾಲು ಓಮ್ ರೋಧ ಉಂಟಾಯಿತು ಎನ್ನಿ. 8 ಆಂಪಿಯರ್ ಹರಿದರೆ ಓಮನ ನಿಯಮದಂತೆ ದಾರಿಯಲ್ಲೇ 2 ವೋಲ್ಟ್ ನಷ್ಟ. ಬ್ಯಾಟರಿಯ ಬಳಿ 13.5 ವೋಲ್ಟ್ ಇದ್ದರೆ ಪಂಪಿಗೆ ತಲಪುವುದು 11.5. ಮೋಟಾರಿನ ವೇಗ ತಗ್ಗುತ್ತದೆ, ಹರಿವೂ ತಗ್ಗುತ್ತದೆ. ಹೊಸ ಪಂಪು ಹಾಕಿದರೂ ಇದು ಸರಿಹೋಗದು. ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ತಂತಿ ಎಳೆದು, ರಿಲೇ ಹಾಕಿ, ಹಳೆಯ ತಂತಿಯನ್ನು ಆ ರಿಲೇಗೆ ಸೂಚನೆ ಕೊಡಲು ಮಾತ್ರ ಬಳಸುವುದು ಸರಿಯಾದ ಪರಿಹಾರ.

ಮೂರನೆಯದು ಅಳತೆ. ಅನುಭವಿ ಮೆಕ್ಯಾನಿಕ್ ಒತ್ತಡದ ಗೇಜ್ ಜೋಡಿಸಿ ಒತ್ತಡವನ್ನು ನೋಡುತ್ತಾರೆ. ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿರುವ ಸಂಖ್ಯೆಯೊಂದಿಗೆ ಅದನ್ನು ಹೋಲಿಸಬೇಕು. ವಾಪಸು ಬರುವ ಪೆಟ್ರೋಲನ್ನು ಮೂವತ್ತು ಸೆಕೆಂಡು ಅಳತೆಯ ಡಬ್ಬಿಯಲ್ಲಿ ಹಿಡಿದು 120ರಿಂದ ಗುಣಿಸಿದರೆ ಗಂಟೆಯ ಹರಿವು ಸಿಗುತ್ತದೆ. ಅರ್ಧ ಲೀಟರ್ ಬಂದರೆ ಗಂಟೆಗೆ 60 ಲೀಟರ್. ಈ ಪರೀಕ್ಷೆಯನ್ನು ವಿದ್ಯಾರ್ಥಿಗಳು ಮನೆಯ ಶೆಡ್ಡಿನಲ್ಲಿ ತಾವೇ ಮಾಡಬಾರದು. ಗ್ಯಾರೇಜಿನಲ್ಲಿ, ಗಾಳಿಯಾಡುವ ಜಾಗದಲ್ಲಿ, ಬೆಂಕಿ ಆರಿಸುವ ಉಪಕರಣ ಪಕ್ಕದಲ್ಲಿಟ್ಟುಕೊಂಡು ಮಾಡುವ ಕೆಲಸ ಅದು.

ಇಷ್ಟಾದ ಮೇಲೂ ಪಂಪು ದುರ್ಬಲ ಎಂದು ಗೊತ್ತಾದರೆ, ಮೂಲ ಎಂಜಿನ್ನಿಗೆ ಮೂಲ ಅಳತೆಯ ಹೊಸ ಪಂಪೇ ಸರಿ. ಎಂಜಿನ್ನಿನ ಶಕ್ತಿಯನ್ನೇ ಹೆಚ್ಚಿಸಿದ್ದರೆ ಲೆಕ್ಕ ಹಾಕಿ, ಪಂಪಿನ ಜೊತೆಗೆ ಇಂಜೆಕ್ಟರ್, ರೆಗ್ಯುಲೇಟರ್, ವಾಪಸಿನ ಕೊಳವೆ, ತಂತಿ ಎಲ್ಲವನ್ನೂ ಒಟ್ಟಿಗೆ ಹೊಂದಿಸಬೇಕು. ಇವೆಲ್ಲ ಒಂದೇ ಸರಪಣಿಯ ಕೊಂಡಿಗಳು. ರ್‍ಯಾಲಿ ಕಾರುಗಳಲ್ಲಿ ಇನ್ನೊಂದು ಸಮಸ್ಯೆಯೂ ಉಂಟು. ಉದ್ದದ ತಿರುವಿನಲ್ಲಿ ಪೆಟ್ರೋಲ್ ಟ್ಯಾಂಕಿನ ಒಂದು ಮೂಲೆಗೆ ಸರಿದು ಪಂಪು ಗಾಳಿ ನುಂಗುತ್ತದೆ. ಇದು ಪಂಪಿನ ತಪ್ಪಲ್ಲ. ಟ್ಯಾಂಕಿನೊಳಗೆ ಅಡ್ಡ ತಡೆಗಳನ್ನಿಟ್ಟು, ಇಲ್ಲವೇ ಸದಾ ತುಂಬಿರುವ ಪುಟ್ಟ ಉಪಟ್ಯಾಂಕನ್ನು ಜೋಡಿಸಿ ಇದನ್ನು ಸರಿಪಡಿಸುತ್ತಾರೆ.

ಬೆಂಕಿಯ ಎಚ್ಚರಿಕೆ

ಕೊನೆಗೆ ಸುರಕ್ಷತೆಯ ಕೆಲವು ಮಾತು. ಎಂಜಿನ್ ನಿಂತ ಕೂಡಲೇ ಕಂಪ್ಯೂಟರ್ ಪಂಪಿನ ವಿದ್ಯುತ್ತನ್ನು ಕಡಿದುಹಾಕುತ್ತದೆ. ಅಪಘಾತದಲ್ಲಿ ಕೊಳವೆ ಒಡೆದರೂ ಪೆಟ್ರೋಲ್ ಸುರಿಯದಿರಲೆಂದು ಮಾಡಿದ ಏರ್ಪಾಡು ಇದು. ಕೆಲವರು ಅವಸರದಲ್ಲಿ ಪಂಪಿನ ತಂತಿಯನ್ನು ನೇರವಾಗಿ ಇಗ್ನಿಷನ್ ಕೀಲಿಗೆ ಜೋಡಿಸಿಬಿಡುತ್ತಾರೆ. ಆಗ ಕಾರು ಡಿಕ್ಕಿ ಹೊಡೆದು ಎಂಜಿನ್ ನಿಂತರೂ ಪಂಪು ನಿಲ್ಲುವುದಿಲ್ಲ. ಒಡೆದ ಕೊಳವೆಯಿಂದ 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ಚಿಮ್ಮುತ್ತಲೇ ಇರುತ್ತದೆ. ಇಂಥ ಜೋಡಣೆಯನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ರಿಲೇ ಹಾಕಿದರೂ ಅದರ ಹಿಡಿತ ಕಂಪ್ಯೂಟರಿನ ಕೈಯಲ್ಲೇ ಇರಬೇಕು.

ಹೋಸು ಇಂಜೆಕ್ಟರ್ ವ್ಯವಸ್ಥೆಗೆಂದೇ ತಯಾರಾದದ್ದು, ಎಥನಾಲ್ ತಡೆಯುವಂಥದ್ದು ಆಗಿರಲಿ. ಟ್ಯಾಂಕಿನೊಳಗೆ ಮುಳುಗಿರುವ ತುಂಡು ಹೋಸಿಗೆ ಬೇರೆಯೇ ದರ್ಜೆ ಬೇಕು, ಏಕೆಂದರೆ ಅದಕ್ಕೆ ಒಳಗೂ ಪೆಟ್ರೋಲ್, ಹೊರಗೂ ಪೆಟ್ರೋಲ್. ಟ್ಯಾಂಕನ್ನು ಸದಾ ಬರಿದಾಗುವವರೆಗೆ ಓಡಿಸಬೇಡಿ. ಮುಳುಗಿರುವ ಪಂಪು ತಂಪಾಗಿರುತ್ತದೆ. ಪೆಟ್ರೋಲ್ ವಾಸನೆ ಬಂದರೆ ಅದನ್ನು ಹಳೆಯ ಕಾರಿನ ಸ್ವಭಾವ ಎಂದು ತಳ್ಳಿಹಾಕದೆ ಅಂದೇ ನೋಡಿಸಿ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ನವೀಕರಿಸುವಾಗ ತಪಾಸಣೆಯೂ ಇರುತ್ತದೆ. ವೇಗದ ಹಂಬಲವಿದ್ದವರಿಗೆ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿಯಂಥ ಸ್ಪರ್ಧೆಗಳಿವೆ. ಅಲ್ಲಿ ಪರವಾನಗಿ, ತಪಾಸಣೆ, ಹೆಲ್ಮೆಟ್, ಮುಚ್ಚಿದ ದಾರಿ ಎಲ್ಲವೂ ಉಂಟು. ಊರಿನ ರಸ್ತೆ ಅದಕ್ಕಲ್ಲ.

ನಿಮಗೊಂದು ಮನೆಗೆಲಸ ಕೊಡುತ್ತೇನೆ. ಮುಂದಿನ ಸಲ ತೋಟಕ್ಕೆ ಹೋದಾಗ ಕೊಳವೆಬಾವಿಯ ಪಂಪಿನ ಬಿಲ್ಲನ್ನೋ ಪೆಟ್ಟಿಗೆಯನ್ನೋ ತೋರಿಸಲು ಕೇಳಿ. ಅದರಲ್ಲಿ ಹೆಡ್ ಎಷ್ಟು, ಡಿಸ್ಚಾರ್ಜ್ ಎಷ್ಟು ಎಂದು ಬರೆದಿರುತ್ತದೆ. ಹೆಡ್ಡನ್ನು ಬಾರ್‌ಗೆ ಪರಿವರ್ತಿಸಿ. ಆಮೇಲೆ ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಇರುವ ಕಾರಿನ ಅಶ್ವಶಕ್ತಿ ತಿಳಿದುಕೊಂಡು, ಅದಕ್ಕೆ ಗಂಟೆಗೆ ಎಷ್ಟು ಇಂಧನ ಬೇಕೆಂದು ಇಂದು ಹೇಳಿದ ರೀತಿಯಲ್ಲಿ ಲೆಕ್ಕ ಹಾಕಿ. ಎರಡೂ ಪಂಪುಗಳ ಒತ್ತಡ ಮತ್ತು ಹರಿವನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕದಲ್ಲಿ ಬರೆದು, ನಿಮ್ಮ ವಿಜ್ಞಾನದ ಅಧ್ಯಾಪಕರಿಗೆ ತೋರಿಸಿ.